ಬೈಕಿನ ಟಿಕೆಟ್ಟು

ನಾಲ್ಕೂವರೆಗೆ ಎಬ್ಬಿಸುವುದು ಗಡಿಯಾರವಲ್ಲ,
ತಗಡಿನ ಗೋಡೆಗೆ ಗುಂಡವ್ವನ ಗೊರಸು.
ಒಮ್ಮೆ ಒದ್ದರೆ ನೀರು, ಎರಡಕ್ಕೆ ಹುರುಳಿ,
ಮೂರಾದರೆ ನಾನೇ ಎದ್ದು ಹೋಗಿ ನೋಡಬೇಕು:
ಹಾವೋ, ಹೊಟ್ಟೆನೋವೋ, ಬರೀ ಬೇಸರವೋ.

ಮಢದ ಈ ತುದಿಯಲ್ಲಿ ಗಾಳಿಗೆ ರಜೆಯಿಲ್ಲ.
ಬಾಯಿಗೆ ಬಾಯಿ ಕಚ್ಚಿಸಿ ಒಣಹಾಕಿದ ಬೊಂಬಿಲ್ ಮೀನು,
ನನ್ನ ಸೀರೆ, ಧಾಕಲಿಬಾಯಿಯ ನೀಲಿ ಬಲೆ,
ಕುದುರೆಗಳ ಬಾಲ, ಎಲ್ಲವೂ ವಾಲುವುದು ಮಾಲಾಡಿನತ್ತ.
ಹುಲ್ಲು ಹಾಕಿದರೆ ಅರ್ಧ ಅವಕ್ಕೆ, ಅರ್ಧ ಗಾಳಿಗೆ.
ಅದಕ್ಕೇ ತಳ ತೂತಾದ ಒಂದು ದೋಣಿ ಕೊಂಡೆ,
ಚೌಕಾಸಿ ಮಾಡಿ, ಮೂರು ಸಾವಿರಕ್ಕೆ.
ಅದರಲ್ಲೀಗ ಹುಲ್ಲು. ಐದು ಕುದುರೆ
ಅಂಚಿಗೆ ಕತ್ತು ಚಾಚಿ ತಲೆ ಎತ್ತಿಳಿಸುವಾಗ
ಹುಟ್ಟು ಹಾಕುತ್ತಿವೆ ಅನ್ನಿಸುತ್ತದೆ,
ದೋಣಿ ಮಾತ್ರ ಹೊರಡುವುದಿಲ್ಲ.

ಲದ್ದಿ ಬಾಚಿ, ಒಂದು ಹಿಡಿ ಬಕೆಟ್ಟಿನಲ್ಲಿ ಕದಡಿ
ತಳದಲ್ಲಿ ಎಷ್ಟು ಮರಳು ಕೂತಿತೆಂದು ನೋಡುತ್ತೇನೆ.
ಚಮಚಕ್ಕಿಂತ ಹೆಚ್ಚಾದರೆ ಆ ದಿನ ನಿದ್ದೆಯಿಲ್ಲ.
ಗೊರಸು ಎತ್ತಿ ಮೂಸಿ, ಬೇವಿನೆಣ್ಣೆ ಕರ್ಪೂರ ಹಚ್ಚಿ
ಕೈ ತೊಳೆದುಕೊಂಡರೂ
ನನ್ನ ಚಹಾಕ್ಕೆ ಅದೇ ವಾಸನೆ.

ಇಲ್ಲಿ ಕುದುರೆಗೇನು ಕೆಲಸ ಎನ್ನುತ್ತಾರೆ.
ಶನಿವಾರ ಭಾನುವಾರ ಅಕ್ಸಾ ದಂಡೆಯಲ್ಲಿ ಮಕ್ಕಳು,
ನಡುವೆ ಬಂಗಲೆಗಳಲ್ಲಿ ಸೀರಿಯಲ್ಲಿನ ಯುದ್ಧ.
ಸರದಾರನಿಗೆ ಆರು ಸಲ ಸಾಯುವುದು ಗೊತ್ತು,
ಏಳನೆಯದಕ್ಕೆ ಬೆಲ್ಲ ತೋರಿಸಬೇಕು.
ಮಿಕ್ಕಿದ್ದು ಮದುವೆ.

ಅಪ್ಪ ಆಳಂದದವನು. ಕೊಲಾಬದಲ್ಲಿ
ವಿಕ್ಟೋರಿಯಾ ಗಾಡಿಯ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದ.
ಗಾಡಿ ನಿಂತ ವರ್ಷ ಬಾಕಿ ಕೂಲಿಗೆ ಬದಲು
ಒಂದು ಬಿಳಿ ಕುದುರೆ ಹಿಡಿದುಕೊಂಡು ಬಂದ.
"ಕುದುರಿ ಕಂಡ್ರ ಕಾಲ್‌ನೋವು ಅಂತಾರ ಮಂದಿ,
ನನಗ ಕುದುರಿ ಕಂಡ್ರ ಕಾಲಷ್ಟ ಕಾಣತಾವ."
ಅವನು ಹೋದ. ಸುತ್ತಿಗೆ ಉಳಿಯಿತು, ಗುಂಡವ್ವ ಉಳಿದಳು.
ಅವಳ ಬಲಗಣ್ಣಿಗೆ ಈಗ ಪೊರೆ.

ಕಳೆದ ಗುರುವಾರ ಅಂಧೇರಿಯಲ್ಲಿ ಮದುವೆ.
ರಸ್ತೆಯಲ್ಲಾದರೆ ಮಾಲಾಡ್ ಸುತ್ತಿ ಅರ್ಧ ದಿನ,
ನೀರಿನಲ್ಲಾದರೆ ಐದು ನಿಮಿಷ, ವರ್ಸೋವಾ.
ಟಿಕೆಟ್ಟಿನ ಹುಡುಗ ಪುಸ್ತಕ ತಿರುವಿದ:
ಮನುಷ್ಯ, ಸೈಕಲ್ಲು, ಬೈಕು, ಮೀನಿನ ಬುಟ್ಟಿ.
ಕುದುರೆ ಇಲ್ಲ.
ತಲೆ ಕೆರೆದುಕೊಂಡು ಒಂದು ಬೈಕು ಹರಿದುಕೊಟ್ಟ,
ಇಂಜಿನ್ ಬಂದ್ ಇಡಬೇಕು ಎಂದ.

ಕುದುರೆ ಗಾಳಿಗೆ ಮುಖ ಕೊಡುವುದಿಲ್ಲ,
ಬೆನ್ನು ಮಾಡಿ, ಬಾಲ ಒಳಗೆಳೆದು ನಿಲ್ಲುತ್ತದೆ.
ನಡುಖಾಡಿಯಲ್ಲಿ ದೋಣಿ ತಿರುಗಿತು.
ಗುಂಡವ್ವನೂ ತಿರುಗಿದಳು, ಹೆಜ್ಜೆ ಮೇಲೆ ಹೆಜ್ಜೆ,
ಕನ್ನಡಿ, ಹ್ಯಾಂಡಲ್ಲು, ಹೆಲ್ಮೆಟ್ಟು ಸರಿಸುತ್ತಾ.
ಹನ್ನೊಂದು ಬೈಕಿನವರು ಮಾತಿಲ್ಲದೆ
ಗಾಡಿ ಎಳೆದು ಅವಳಿಗೆ ಜಾಗ ಮಾಡಿದರು.

ವರ ದಪ್ಪ. ಬ್ಯಾಂಡು ಜೋರು. ಕಿವಿಗೆ ಹತ್ತಿ ತುರುಕಿದ್ದೆ.
ಕಾಣದ ಕಣ್ಣಿನ ಕಡೆ ಪಟಾಕಿ ಸಿಡಿದಾಗ
ಒಂದೇ ಒಂದು ಸಲ ಬೆಚ್ಚಿದಳು.
ಅದಕ್ಕೆ ಐನೂರು ಹಿಡಿದುಕೊಂಡರು.

ಕೊನೆಯ ದೋಣಿ ಹೋಗಿಬಿಟ್ಟಿತ್ತು.
ಜೆಟ್ಟಿಯ ಹಿಂದೆ, ಮಂಜುಗಡ್ಡೆ ಕಾರ್ಖಾನೆಯ ಗೋಡೆಗೆ
ಅವಳನ್ನು ಕಟ್ಟಿ, ಜೀನು ತಲೆಗಿಟ್ಟು ಮಲಗಿದೆ.
ಜೂಲಿನಿಂದ ಜರಿಚುಕ್ಕಿ ನನ್ನ ಮೇಲೆ ಉದುರುತ್ತಿತ್ತು.
ನಿಂತಿದ್ದ ಟೆಂಪೋಗೆ ಒದ್ದಳು. ಒಂದು, ಎರಡು,
ಮೂರು.

ಎದ್ದು ನೋಡಿದೆ. ಹಾವಿಲ್ಲ. ಹೊಟ್ಟೆ ಮೆತ್ತಗಿದೆ.
ಹಗ್ಗ ಬಿಟ್ಟಷ್ಟೂ ಅತ್ತ ತಿರುಗುತ್ತಾಳೆ, ಇತ್ತ ತಿರುಗುತ್ತಾಳೆ,
ಮೂಗೆತ್ತುತ್ತಾಳೆ, ಮತ್ತೆ ತಿರುಗುತ್ತಾಳೆ.
ಆಮೇಲೆ ಹೊಳೆಯಿತು: ಸುತ್ತ ಇಷ್ಟೆತ್ತರ ಕಟ್ಟಡ,
ಇಲ್ಲಿ ಗಾಳಿಯೇ ಇಲ್ಲ,
ಎತ್ತ ಬೆನ್ನು ಮಾಡುವುದು ತಿಳಿಯುತ್ತಿಲ್ಲ ಅವಳಿಗೆ.

ಸೆರಗು ಬಿಚ್ಚಿ ಬೀಸಿದೆ, ಮೊರದಿಂದ ಒಲೆಗೆ ಬೀಸುವ ಹಾಗೆ.
ನಿಂತಳು. ನಿಧಾನಕ್ಕೆ ತಿರುಗಿ
ನನಗೆ ಬೆನ್ನು ಕೊಟ್ಟು, ಒಂದು ಕಾಲು ಸಡಿಲಿಸಿ,
ಇರುವ ಒಂದು ಕಣ್ಣನ್ನೂ ಮುಚ್ಚಿದಳು.
ಕೈ ನಿಂತರೆ ಗೊರಸು ಎದ್ದೀತೆಂದು
ಬೀಸುತ್ತಲೇ ಇದ್ದೆ.