ಒಂದೇ ನಡೆ

ಪೈನ್ ಕಾಡನ್ನು ಸೀಳಿಕೊಂಡು ಹೋದ ರಸ್ತೆ.
ರೀಗಾದ ಅಂಚು, ಸೆಪ್ಟೆಂಬರ್ ಕೊನೆ,
ಸೂಜಿಯೆಲೆ ಉದುರಿ ಡಾಂಬರೆಲ್ಲ ಕಂದು.
ತಗಡಿನ ಕೋಣೆಯೊಳಗೆ ಪಂಚಾಯ್ತಿಗೆ ನಾವು ಮೂವರು:
ಹಡಗು ಕಂಪನಿಯ ವಕೀಲೆ ಸರ್ಮೀತೆ,
ಹಿಂದೊಮ್ಮೆ ಇದೇ ತಿರುವಿನಲ್ಲಿ ಮಂಡಿ ಮುರಿದುಕೊಂಡ ಗುಂತಿಸ್,
ಮತ್ತು ನಾನು, ಮೂವತ್ತೊಂದು ವರ್ಷ
ಮಕ್ಕಳಿಗೆ ರೇಖಾಗಣಿತ ಕಲಿಸಿದವಳು.
ಚೀಲದಲ್ಲಿ ಈಗಲೂ ಪ್ಲಾಸ್ಟಿಕ್ ಸ್ಕೇಲು.

ಹಿಂದಿನವನನ್ನು ತಡೆಯಲು
ಮುಂದಿನವನಿಗೆ ಒಂದೇ ನಡೆ.
ಎಡವೋ ಬಲವೋ ಆರಿಸಿಕೋ,
ಆರಿಸಿದ್ದನ್ನು ಉಳಿಸಿಕೋ.
ಬ್ರೇಕು ತುಳಿದ ಮೇಲೆ ಮತ್ತೆ ಹೊರಳಕೂಡದು.
ಓದಲು ಸುಲಭ.
ಗಂಟೆಗೆ ನೂರ ತೊಂಬತ್ತರಲ್ಲಿ
ಕನ್ನಡಿ ತುಂಬ ಇನ್ನೊಬ್ಬನ ಮೂತಿ ಬಂದಾಗ
ಕೈ ಓದುವುದಿಲ್ಲ.

ಹದಿನಾಲ್ಕನೇ ಸುತ್ತು.
ನಲವತ್ತೇಳನೇ ನಂಬರಿನ ಹಳೇ ಕಾರು,
ಒಳಗೆ ಹತ್ತೊಂಬತ್ತರ ಉಲ್ವಿಸ್.
ಬೆನ್ನಿಗೇ ರೈವಿಸ್, ಮೂರು ಸಲದ ಚಾಂಪಿಯನ್.
ಹುಡುಗ ಬಲಕ್ಕೆ ಸರಿದ. ಸರಿ.
ಬ್ರೇಕಿನ ಗೆರೆ ಮೇಲೆದ್ದ ಮೇಲೆ
ಎಡಕ್ಕೆ, ಒಂದಿಷ್ಟೇ ಇಷ್ಟು.
ರೈವಿಸ್ ಜಲ್ಲಿಕಲ್ಲಿನೊಳಗೆ ಹೋಗಿ ಕೂತ,
ಕೆಸರಿಗೆ ಬಿದ್ದ ಎಮ್ಮೆಯ ಹಾಗೆ.

ನಿಲ್ಲಿಸಿದೆವು, ಹಿಂದಕ್ಕೋಡಿಸಿದೆವು, ಮತ್ತೆ ನಿಲ್ಲಿಸಿದೆವು.
ನಿಧಾನ ಮಾಡಿ ನೋಡಿದರೆ
ಯಾರ ಕೈಯಾದರೂ ಕಳ್ಳನ ಕೈ.
ಪರದೆಗೆ ಸ್ಕೇಲು ಹಿಡಿದೆ, ಗುಂತಿಸ್ ನಕ್ಕ.
ಕಾರಿನಗಲ ಗೊತ್ತು, ಉಳಿದದ್ದು ತ್ರೈರಾಶಿ:
ನಲವತ್ತು ಸೆಂಟಿಮೀಟರ್.
ಐದು ಸೆಕೆಂಡು ದಂಡ, ಅಂದಳು ಸರ್ಮೀತೆ.
ತಪ್ಪು ತಪ್ಪೇ. ನಾನೂ ಸಹಿ ಮಾಡಿದೆ.
ಮೂರನೆಯವನು ಏಳನೆಯವನಾದ.
ಕಾಫಿಯಿನ್ನೂ ಆರಿರಲಿಲ್ಲ.

ಹುಡುಗ ಬಂದ.
ಹಣೆಯ ಮೇಲೆ ಹೆಲ್ಮೆಟ್ಟಿನ ಕೆಂಪು ಬರೆ.
ಕೂಗಲಿಲ್ಲ.
'ಎರಡು ಸಲ ಸರಿದದ್ದು ನಿಜ' ಅಂದ.
'ಹೋದ ವರ್ಷ ಇದೇ ತಿರುವು. ರೈವಿಸ್ ಮುಂದೆ,
ಲಿಯೆಪಾಯಾದ ಹುಡುಗಿ ಹಿಂದೆ.
ಆ ವಿಡಿಯೋ ಇನ್ನೂರು ಸಲ ನೋಡಿದ್ದೇನೆ.
ನಿಮ್ಮ ಕಾಗದವನ್ನೂ ಓದಿದೆ:
ಪಂದ್ಯದ ಸಹಜ ಘಟನೆ, ಕ್ರಮವಿಲ್ಲ.
ಕೆಳಗೆ ಮೂರು ಸಹಿ.
ನಾನು ಅದನ್ನೇ ನಿಯಮ ಅಂದುಕೊಂಡೆ.'

ಹೀಟರು ಮಾತ್ರ ಮಾತಾಡಿತು.
ಆವತ್ತು ಮಳೆಯಿತ್ತು, ಅಂದ ಗುಂತಿಸ್.
ಹಳೇ ತೀರ್ಪು ನಮ್ಮ ಕೈ ಕಟ್ಟುವುದಿಲ್ಲ, ಅಂದಳು ಸರ್ಮೀತೆ.
ಎರಡೂ ನಿಜವೇ.
ಆ ಹುಡುಗಿಯ ಹೆಸರೇನು?
ಮೂವರಿಗೂ ನೆನಪಾಗಲಿಲ್ಲ.
ಕಡತ ತೆಗೆಸಿದೆ. ಹಳೇ ಚಿತ್ರಕ್ಕೂ ಸ್ಕೇಲು ಹಿಡಿದೆ.
ತೊಂಬತ್ತು.
ಈ ಸಲ ಗುಂತಿಸ್ ನಗಲಿಲ್ಲ.

ಅವರ ನಡೆ ಅಳೆಯಲು ಹನ್ನೊಂದು ಕ್ಯಾಮೆರಾ.
ನಮ್ಮ ನುಡಿಗೆ ಒಂದು ಕಪಾಟು, ಕೀಲಿ ನಮ್ಮ ಕೈಲೇ.
ಇವತ್ತು ಬಿಟ್ಟರೆ ತಪ್ಪು ಎರಡಾದೀತು.
ಹಿಡಿದರೆ ಸರಿ,
ಆದರೆ ಗಿರಾಕಿಯ ಮುಖ ನೋಡಿ
ಉದ್ದ ಬದಲಿಸುವ ಮೊಳಕೋಲಿನ ಸರಿ.
ಮಕ್ಕಳಿಗೆ ಹೇಳುತ್ತಿದ್ದೆ,
ಉತ್ತರ ಸಾಲದು, ಬಂದ ದಾರಿ ತೋರಿಸು ಎಂದು.

ತೀರ್ಪು ಬದಲಾಗಲಿಲ್ಲ.
ಮೇಲ್ಮನವಿಗೆ ಒಂದು ಗಂಟೆ,
ಆರುನೂರು ಯೂರೋ ಠೇವಣಿ.
ಹೊರಗೆ ಹುಡುಗನ ಅಪ್ಪ ಚಕ್ರ ಬಿಚ್ಚುವುದನ್ನು ನಿಲ್ಲಿಸಿ
ಕೈ ಒರೆಸಿಕೊಂಡು ನೋಟು ಎಣಿಸಿದ,
ಮತ್ತೊಮ್ಮೆ ಎಣಿಸಿದ,
ಟೈರುಗಳ ಕಡೆ ನೋಡಿದ.

ಹೋದ ವರ್ಷದ ಹಾಳೆಯ ಅಂಚಿನಲ್ಲಿ
ನನ್ನ ಕೈಬರಹದಲ್ಲೇ ಎರಡು ಅಂಕಿ ಬರೆದು,
ನಲವತ್ತೇಳರ ಬಾನೆಟ್ಟಿನ ಮೇಲಿಟ್ಟೆ,
ಹಾರದ ಹಾಗೆ ಮೇಲೆ ಸ್ಕೇಲು.
ನಾನು ಹಾಗೆಲ್ಲ ಮಾಡುವಂತಿಲ್ಲ.
ಸಹಿ ಹಾಕಿದ್ದು ಮೊದಲನೆಯದು,
ಇದು ಎರಡನೇ ನಡೆ.
ಬ್ರೇಕು ತುಳಿದ ಮೇಲೋ, ಮುಂಚೆಯೋ,
ಕಾಡಿನ ಆ ಬದಿಗೆ ಕ್ಯಾಮೆರಾ ಇರಲಿಲ್ಲ.