ಮಾಲೀಕರ ಹೆಸರು ಎಂಬಲ್ಲಿ

ಗ್ರೀನ್ ಸ್ಟ್ರೀಟಿನ ಬಳೆ ಅಂಗಡಿಯ ಮೇಲಿನ ಮಾಳಿಗೆ.
ಆಡಿಟರ್ ಕೊಲ್ವೇಕರರ ಫ್ಯಾನಿನ ಕೆಳಗೆ
ಹಾರಲು ನೋಡುವ ಮೂರು ಕಾಗದ.
ಎರಡಕ್ಕೆ ಗಾಜಿನ ಗುಂಡು, ಮೂರನೆಯದಕ್ಕೆ
ನಮ್ಮದೇ ಒಣಸಿಗಡಿ ಚಟ್ನಿಪುಡಿಯ ಪೊಟ್ಟಣ.

"ಒಬ್ಬರೇ ಮಾಲೀಕರಾದರೆ ಸುಲಭ," ಎಂದರು.
"ಖರ್ಚು ಕಡಿಮೆ, ಲೆಕ್ಕ ಒಂದು ಪುಟ.
ಆದರೆ ನಾಳೆ ಪುಣೆಯಲ್ಲಿ ಯಾರದೋ ಹೊಟ್ಟೆ ಕೆಟ್ಟು
ಕೋರ್ಟಿಗೆ ಹೋದರೆ, ಪೊಟ್ಟಣದ ವಾಸನೆ ಹಿಡಿದು
ನಿಮ್ಮ ಹೊಸ್ತಿಲವರೆಗೂ ಬರಬಹುದು.
ಪಾಲುದಾರಿಕೆ ಎಂದರೆ ಒಬ್ಬರ ಸಾಲಕ್ಕೆ ಇನ್ನೊಬ್ಬರ ಕತ್ತು.
ಎಲ್‌ಎಲ್‌ಪಿ ಮಾಡಿ, ದೋಣಿ ಮುಳುಗಿದರೂ
ಮನೆ ಮುಳುಗುವುದಿಲ್ಲ."

ಕುರ್ಚಿಯ ತುದಿಯಲ್ಲಷ್ಟೇ ಕೂತಿದ್ದ ಬುಧವಂತಿ
"ಮುಳುಗಿದ ದೋಣಿಯ ಮನೆ ನಾನು ನೋಡಿದ್ದೇನೆ," ಎಂದಳು.
"ತೇಲುತ್ತಿರಲಿಲ್ಲ."

ಅವಳ ಅಜ್ಜ ಮಾಜಾಳಿಯ ದಂಡೆಯಲ್ಲಿ ರಂಪಣಿ ಎಳೆದವನು.
ಬಲೆಗೊಂದು ಪಾಲು, ದೋಣಿಗೊಂದು ಪಾಲು,
ಗುಡ್ಡದ ಮೇಲೆ ನಿಂತು ನೀರಿನ ಬಣ್ಣ ನೋಡಿ
ಕೂಗಿದವನಿಗೊಂದು,
ಆ ವರ್ಷ ಗಂಡ ತೀರಿಹೋದವಳಿಗೆ ಒಂದು ಬುಟ್ಟಿ.
ಕಾಗದವೇ ಇರಲಿಲ್ಲ, ಎನ್ನುತ್ತಾಳೆ. ಕೇಳಲು ಚಂದ.
ಒಂದು ಮಳೆಗಾಲ ಅಣ್ಣತಮ್ಮಂದಿರು ಜಗಳಾಡಿ
ಬಲೆಯನ್ನು ಕತ್ತಿಯಲ್ಲಿ ನಡುವೆ ಕೊಯ್ದು ಹಂಚಿಕೊಂಡರಂತೆ.
ಅರ್ಧ ಬಲೆಗೆ ಎಷ್ಟು ಮೀನು ಬಿತ್ತು, ಕೇಳಿದೆ.
"ಹೀರೆ ಬಳ್ಳಿಯ ಚಪ್ಪರಕ್ಕೆ ಆಯಿತು."

ನಾನು ಅಂಚೆ ಕಚೇರಿಯವಳು. ಹತ್ತರಿಂದ ಐದು
ಊರವರ ಪಾರ್ಸೆಲ್ ತೂಗುತ್ತೇನೆ,
ಐದರ ಮೇಲೆ ನಮ್ಮದು ಕಟ್ಟುತ್ತೇನೆ.
ಫೋನು ನನ್ನದು, ಲೇಬಲ್ಲಿನ ಅಕ್ಷರ ನನ್ನದು,
ಖಾರ ಸ್ವಲ್ಪ ಕಮ್ಮಿ ಮಾಡಿ ಎನ್ನುವ
ಹುಬ್ಬಳ್ಳಿಯ ಗಿರಾಕಿ ನನ್ನವರು.
ಕೈ ಅವಳದು. ರುಚಿ ಎಲ್ಲ ಆ ಕೈಯದು.

"ಸರಕಾರಿ ನೌಕರರು ನೀವು, ನಿಮ್ಮ ಹೆಸರು
ಎಲ್ಲೂ ಬರುವ ಹಾಗಿಲ್ಲ," ಎಂದು ಕೊಲ್ವೇಕರರು
ಎರಡು ಕಾಗದ ಹಿಂದಕ್ಕೆಳೆದುಕೊಂಡರು.
"ಯಜಮಾನರ ಹೆಸರಲ್ಲಿ ಮಾಡಬಹುದಲ್ಲ?"

ಸಿಗಡಿಯ ತಲೆ ಯಾವ ಕಡೆ ಎಂದು ಗೊತ್ತಿಲ್ಲದ ಮನುಷ್ಯ.
ಆದರೂ ನಿಜ ಹೇಳಬೇಕು. ನಿನ್ನೆ ರಾತ್ರಿ
ಪೆನ್ಸಿಲಿನಲ್ಲಿ ಅವರ ಹೆಸರು ಬರೆದು ನೋಡಿದ್ದೆ.
ಅಳಿಸಿದ್ದೇನೆ. ಕಾಗದಕ್ಕೆ ಮಾತ್ರ ಮರೆತಿಲ್ಲ,
ಬುಧವಂತಿಗೆ ಓದಲು ಬರುತ್ತದೆ.

"ನನ್ನದು ಬರೆಯಿರಿ," ಎಂದಳು. ನನ್ನತ್ತ ತಿರುಗಿ,
"ನಿನ್ನ ಪಾಲು ಬಾಯಲ್ಲಿ ಹೇಳಿದರೆ ಸಾಕಾ ಮಾರಾಯ್ತಿ,
ಬರೆದು ಕೊಡಬೇಕಾ?"
ಕೊಲ್ವೇಕರರು ಕಿಟಕಿಯಾಚೆ ಏನೋ ನೋಡತೊಡಗಿದರು.

ರಿಜಿಸ್ಟರ್ ಮಾಡಿದ್ದೂ ಕಳೆದುಹೋಗುತ್ತದೆ,
ವಿಳಾಸ ಅರ್ಧ ಅಳಿಸಿದ ಕಾರ್ಡೂ ತಲುಪುತ್ತದೆ.
ಇಪ್ಪತ್ತು ವರ್ಷ ಮುದ್ರೆ ಒತ್ತಿ ಕಲಿತದ್ದು ಇಷ್ಟೇ.
ಸಾಕು ಎನ್ನಲು ಬಾಯಿ ತೆರೆದೆ.
"ಬರೆದೇ ಕೊಡು," ಅಂದಿತು ದನಿ. ನನ್ನದೇ.
ಅವಳು ನಗಲಿಲ್ಲ, ಬೇಸರಿಸಲೂ ಇಲ್ಲ,
ಸೆರಗಿನಲ್ಲಿ ಪೆನ್ನು ಒರೆಸಿದಳು.

ಉಳಿದದ್ದು ವಿಳಾಸದ ಪುರಾವೆ. ಸದಾಶಿವಗಡದ ಮನೆಯ
ಕರೆಂಟು ಬಿಲ್ಲು, ಸತ್ತು ಒಂಬತ್ತು ವರ್ಷವಾದ
ಗಂಡನ ಹೆಸರಿಗೇ ಈಗಲೂ ಬರುತ್ತದೆ.
"ಮನೆಯವರದು ಆಕ್ಷೇಪಣೆ ಇಲ್ಲವೆಂದು ಪತ್ರ ಬೇಕಿತ್ತು..."
"ಬದುಕಿದ್ದಾಗಲೂ ಇರಲಿಲ್ಲ," ಎಂದಳು,
"ಕೇಳಿದರೆ ತಾನೇ ಇರುವುದು?"

ಸಂಜೆ ಪೊಟ್ಟಣ ಕಟ್ಟಲಿತ್ತು, ಜೊತೆಗೇ ಬಸ್ಸು ಹತ್ತಿದೆ.
ಕಾಳಿ ಸೇತುವೆಯ ಉದ್ದಕ್ಕೂ ಅವಳು
ಹೊಸ ಶಬ್ದವನ್ನು ಬಾಯೊಳಗೇ ಎಳೆದು ನೋಡಿದಳು.
ಪ್ರೊಪ್ರ. ಪ್ರೊಪ್ರೈ. ಮೂರನೆಯ ಸಲ
ಕಂಡಕ್ಟರ್ ತಿರುಗಿ "ಎಲ್ಲಿಗೆ?" ಎಂದ,
ಆಧಾರ್ ನೋಡಿ ಹೆಂಗಸರ ಸೊನ್ನೆ ರೂಪಾಯಿಯ
ಎರಡು ಟಿಕೆಟು ಹರಿದು ಕೊಟ್ಟ.

ನಾನು ನನ್ನದನ್ನು ಮುದುಡಿದೆ.
ಅವಳು ಕಸಿದು ನೇರ ಮಾಡಿ, ತನ್ನದರ ಜೊತೆ
ಚೀಲದ ಒಳಜೇಬಿಗೆ ಸೇರಿಸಿದಳು.
"ಖರ್ಚಿನಲ್ಲಿ ಬರೆಯಬೇಕಲ್ಲ."