ಬೋರ್ಡು ಕೆರೆಯುವಾಗ

ಸೇತುವೆ ದಾಟಿದೊಡನೆ ಸಿಗುವ ತಗಡಿನ ಬೋರ್ಡು.
ಹೊಸ ಬಣ್ಣಕ್ಕೆ ಮುಂಚೆ ಹಳೆಯದನ್ನು ಕೆರೆಯಬೇಕು
ಅಂದರು ಆಲಿಕುಟ್ಟಿ ಮೇಸ್ತ್ರಿ, ಬೀಡಿ ಕಿವಿಗೆ ಸಿಕ್ಕಿಸಿ.
ಏಣಿ ಹಿಡಿದಿದ್ದೆ ನಾನು, ಹದಿನಾಲ್ಕು ತುಂಬಿರಲಿಲ್ಲ.

'ಕುಶಾಲನಗರ' ಉದುರಿತು ಮೊದಲು,
ಹಳದಿ ಸಿಪ್ಪೆಯಾಗಿ ನನ್ನ ಹುಬ್ಬಿಗೆ, ಜೇಬಿಗೆ.
ಅದರಡಿ ಇನ್ನೊಂದು 'ಕುಶಾಲನಗರ',
'ಶಾ'ದ ಬಾಲ ಕೊಂಚ ಉದ್ದ.
"ಇದು ನಮ್ಮಪ್ಪನ ಕೈ" ಅಂದ ಮೇಸ್ತ್ರಿ
ಅಲ್ಲಿ ಮಾತ್ರ ಮೆಲ್ಲಗೆ ಉಜ್ಜಿದರು.
ಅದರಡಿ ಫ್ರೇಜರ್‌ಪೇಟೆ:
ದೊರೆಯ ಹೆಸರು ಅರ್ಧ, ಸಂತೆಯದು ಅರ್ಧ.

ತುಕ್ಕು ತಿಂದ ತಗಡು ಬಿಚ್ಚಿದರೆ ಹಿಂದೆ ಹಲಗೆ.
ಅಕ್ಷರವಿಲ್ಲ. ಹೊಳೆಯ ಕಡೆಗೊಂದು ಬಾಣ.
ಆಗ ಹೊಳೆಯೇ ಗಡಿ; ಆಚೆ ದಡ ಮೈಸೂರು,
ಈಚೆ ಕೊಡಗು, ಬೇರೆಯೇ ರಾಜ್ಯ.
ಮೂಟೆ ಬಿಚ್ಚಿಸಿ ಏಲಕ್ಕಿ ಮೂಸುತ್ತಿದ್ದರಂತೆ ಜವಾನರು.

"ದಂಡು ಬೀಡುಬಿಟ್ಟಿದ್ದಾಗ ಮಗ ಹುಟ್ಟಿದ
ಖುಷಿ ಸುದ್ದಿ ಬಂತಂತೆ, ಅದಕ್ಕೇ ಈ ಹೆಸರು"
ಎಂದೆ, ಶಾಲೆಯ ಜಾಣತನ.
"ಇರಬಹುದು. ನಮ್ಮಜ್ಜಿ ಹೇಳುತ್ತಿದ್ದದ್ದು
ದಂಡು ತಿಂದ ಭತ್ತದ ಲೆಕ್ಕ."

ಮೇಸ್ತ್ರಿ ಈಗಿಲ್ಲ. ಬರೆಯುವುದು ಕಂಪ್ಯೂಟರು,
ಅಂಟಿಸುವುದು ನಾನು.
ಆ ವರ್ಷ ನೆರೆ ಇಳಿದ ಮೇಲೆ ಹೋದರೆ
ಎರಡೂ ಕಂಬಕ್ಕೆ ಕಾವೇರಿ ಎಳೆದ ಕೆಸರುಗೆರೆ,
ನೂಲು ಹಿಡಿದಷ್ಟು ನೇರ.
ಒರೆಸು ಅಂದರು ಪಂಚಾಯ್ತಿಯವರು.
ಒರೆಸಿದೆ. ಹಿಂಬದಿ ಬಿಟ್ಟೆ.

ಅಷ್ಟರಲ್ಲಿ ಬಸ್ಸೊಂದು ನಿಂತಿತು.
ಶುಂಠಿ ಚೀಲ ತೊಡೆಗಿಟ್ಟುಕೊಂಡ ಹೆಂಗಸು
ಇನ್ನೂ ಅಂಟು ಆರದ ಹೆಸರಿನ ಕೆಳಗೆ
ಕಿಟಕಿಯಿಂದ ನನ್ನನ್ನೇ ಕೇಳಿದಳು:
"ಪೇಟೆ ಬಂತಾ?"